ಶಿಳ್ಳೆ ಹೊಡೆದವರು ಯಾರು? ಎಂ-87ರ ಗಾಮಾ ಕಿರಣಗಳ ಜಾಡು

ಏಪ್ರಿಲ್ ತಿಂಗಳ ನಡುಭಾಗ. ಪರೀಕ್ಷೆಗಳು ಮುಗಿದಿರುತ್ತವೆ, ಸೆಕೆಗೆ ಮನೆಯೊಳಗೆ ನಿದ್ದೆ ಬಾರದು. ಚಂದ್ರನಿಲ್ಲದ ಒಂದು ರಾತ್ರಿ, ಹನ್ನೊಂದೂಕಾಲರ ಸುಮಾರಿಗೆ, ಮಹಡಿಯ ಮೇಲೆ ಚಾಪೆ ಹಾಸಿ ಅಂಗಾತ ಮಲಗಿಕೊಳ್ಳಿ. ನೀವು ಮೈಸೂರಿನವರೋ ಮಡಿಕೇರಿಯವರೋ ಆಗಿದ್ದರೆ ಆ ಹೊತ್ತಿಗೆ ನಿಮ್ಮ ನಡುನೆತ್ತಿಯಲ್ಲಿ, ಬರಿಗಣ್ಣಿಗೆ ಏನೂ ಕಾಣದ ಒಂದು ಜಾಗದಲ್ಲಿ, ಎಂ-87 ಎಂಬ ಗೆಲಾಕ್ಸಿ ಇರುತ್ತದೆ. ಮೈಸೂರಿನ ಅಕ್ಷಾಂಶ 12 ಡಿಗ್ರಿ ಚಿಲ್ಲರೆ. ಈ ಗೆಲಾಕ್ಸಿ ಇರುವುದೂ ಆಕಾಶದ ಮಧ್ಯರೇಖೆಯಿಂದ ಉತ್ತರಕ್ಕೆ 12 ಡಿಗ್ರಿ ಚಿಲ್ಲರೆಯಲ್ಲೇ. ಹಾಗಾಗಿ ಅದು ದಿನಕ್ಕೊಮ್ಮೆ ನಮ್ಮ ದಕ್ಷಿಣ ಕರ್ನಾಟಕದವರ ತಲೆಯ ಮೇಲೇ ಹಾದುಹೋಗುತ್ತದೆ.

ದೂರ ಸುಮಾರು ಐದೂವರೆ ಕೋಟಿ ಜ್ಯೋತಿರ್ವರ್ಷ. 2019ರ ಏಪ್ರಿಲ್ 10ರಂದು ಬಿಡುಗಡೆಯಾಗಿ ಜಗತ್ತಿನ ಪತ್ರಿಕೆಗಳೆಲ್ಲ ಮುಖಪುಟದಲ್ಲಿ ಅಚ್ಚುಮಾಡಿದ ಚಿತ್ರ ನಿಮಗೆ ನೆನಪಿರಬಹುದು. ಕಿತ್ತಳೆ ಬಣ್ಣದ ಉದ್ದಿನವಡೆಯಂಥ ಬಳೆ, ನಡುವೆ ಕತ್ತಲು. ಅದು ಈ ಎಂ-87ರ ಮಧ್ಯದಲ್ಲಿರುವ ಕಪ್ಪು ಕುಳಿಯ ನೆರಳು. ಆ ಕುಳಿಯ ತೂಕ 650 ಕೋಟಿ ಸೂರ್ಯರಷ್ಟು.

ಆ ಚಿತ್ರ ಬಂದ ವಾರ ಒಂಬತ್ತನೆಯ ತರಗತಿಯಲ್ಲಿ ನಾನು ಉತ್ಸಾಹದಿಂದ ಪಾಠ ಬಿಟ್ಟು ಇದರ ಕಥೆ ಹೇಳಿದೆ. ಈ ಗೆಲಾಕ್ಸಿಯಿಂದ ರೇಡಿಯೋ ಅಲೆಗಳು ಬರುತ್ತವೆ, ಬೆಳಕು ಬರುತ್ತದೆ, ಕ್ಷ-ಕಿರಣ ಬರುತ್ತದೆ, ಗಾಮಾ ಕಿರಣಗಳೂ ಬರುತ್ತವೆ, ಗಾಮಾ ಕಿರಣಗಳು ಕಪ್ಪು ಕುಳಿಯ ಪಕ್ಕದಿಂದಲೇ ಬರುತ್ತವೆ ಎಂದೆ. ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸಾರ್, ಅಷ್ಟು ದೂರದಿಂದ ಬಂದದ್ದು ಅದರ ಪಕ್ಕದಿಂದಲೇ ಬಂತು ಅಂತ ಹೇಗೆ ಗೊತ್ತಾಯ್ತು? ಆ ಚಿತ್ರದಲ್ಲಿ ಗಾಮಾ ಕಿರಣ ಕಾಣತ್ತಾ?"

ಕಾಣುವುದಿಲ್ಲ. ಆ ಚಿತ್ರ ತೆಗೆದದ್ದು 1.3 ಮಿಲಿಮೀಟರ್ ತರಂಗದೂರದ ರೇಡಿಯೋ ಅಲೆಗಳಲ್ಲಿ. "ನಾಳೆ ಹೇಳ್ತೀನಿ, ಕೂತ್ಕೋಮ್ಮ" ಎಂದೆ. ಆ ನಾಳೆ ಬರುವುದಕ್ಕೆ ನನಗೆ ಸುಮಾರು ದಿನ ಬೇಕಾಯಿತು.

ಮೊದಲು ಈ ಗೆಲಾಕ್ಸಿಯ ಪೂರ್ವಚರಿತ್ರೆ ಒಂದಿಷ್ಟು. 1781ರಲ್ಲಿ ಫ್ರಾನ್ಸಿನ ಷಾರ್ಲ್ ಮೆಸ್ಸಿಯೆ ತನ್ನ ಪಟ್ಟಿಯಲ್ಲಿ ಇದನ್ನು 87ನೆಯ ಮಸುಕು ಚುಕ್ಕೆಯಾಗಿ ಬರೆದುಕೊಂಡ. ಅವನಿಗೆ ಬೇಕಾಗಿದ್ದದ್ದು ಧೂಮಕೇತುಗಳು. ಇವನ್ನು ಧೂಮಕೇತುಗಳೆಂದು ಭ್ರಮಿಸಬಾರದೆಂದೇ ಆ ಪಟ್ಟಿ. 1918ರಲ್ಲಿ ಅಮೆರಿಕದ ಲಿಕ್ ವೀಕ್ಷಣಾಲಯದ ಹೀಬರ್ ಕರ್ಟಿಸ್ ಇದರ ಛಾಯಾಚಿತ್ರದಲ್ಲಿ ನಡುವಿನಿಂದ ಹೊರಟ ಒಂದು ನೆಟ್ಟನೆಯ ಗೆರೆಯನ್ನು ಕಂಡ. ಅದೇನೆಂದು ಅವನಿಗೂ ತಿಳಿಯಲಿಲ್ಲ, ಮುಂದಿನ ಮೂವತ್ತು ವರ್ಷ ಬೇರೆ ಯಾರಿಗೂ ತಿಳಿಯಲಿಲ್ಲ.

ಆಮೇಲಿನದು ಸ್ವಾರಸ್ಯದ ಕಥೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸಿಡ್ನಿಯ ಡೋವರ್ ಹೈಟ್ಸ್ ಎಂಬಲ್ಲಿ, ಕಡಲಿಗೆ ಕಡಿದಾಗಿ ಇಳಿಯುವ ಬಂಡೆಯ ನೆತ್ತಿಯ ಮೇಲೆ, ಜಾನ್ ಬೋಲ್ಟನ್, ಗಾರ್ಡನ್ ಸ್ಟ್ಯಾನ್ಲಿ, ಬ್ರೂಸ್ ಸ್ಲೀ ಎಂಬ ಮೂವರು ರೇಡಿಯೋ ಆಂಟೆನಾ ನೆಟ್ಟುಕೊಂಡು ಕುಳಿತರು. ಒಂದು ಆಂಟೆನಾದಿಂದ ಆಕಾಶದ ಯಾವ ಮೂಲೆಯಿಂದ ಅಲೆ ಬಂತೆಂದು ಹೇಳುವುದು ಕಷ್ಟ. ಅವರು ಕಡಲನ್ನೇ ಕನ್ನಡಿಯಾಗಿ ಬಳಸಿದರು. ಮೂಲವು ದಿಗಂತದಿಂದ ಮೇಲೇರುವಾಗ ಅದರ ಅಲೆಗಳು ನೇರವಾಗಿಯೂ ಬರುತ್ತವೆ, ನೀರಿನ ಮೇಲೆ ಪ್ರತಿಫಲಿಸಿಯೂ ಬರುತ್ತವೆ. ಎರಡೂ ಸೇರಿದಾಗ ಒಮ್ಮೆ ಸದ್ದು ಏರುತ್ತದೆ, ಒಮ್ಮೆ ಇಳಿಯುತ್ತದೆ. ಪಿಯುಸಿಯ ಭೌತಶಾಸ್ತ್ರದಲ್ಲಿ ಓದುವ ವ್ಯತಿಕರಣ ಇದೇ. ಆ ಏರಿಳಿತದ ಲೆಕ್ಕದಿಂದ ಮೂಲದ ಸ್ಥಾನವನ್ನು ಕಂಡುಹಿಡಿದು, 1949ರಲ್ಲಿ, ಕನ್ಯಾ ರಾಶಿಯ ಪ್ರಬಲ ರೇಡಿಯೋ ಮೂಲವೂ ಎಂ-87ರೂ ಒಂದೇ ಎಂದು ಪ್ರಕಟಿಸಿದರು. ಆದರೆ ಆ ಲೇಖನದಲ್ಲಿ ಅವರು, ಹಾಗಾದರೆ ಇದು ನಮ್ಮ ಆಕಾಶಗಂಗೆಯ ಒಳಗಿನದೇ ಇರಬಹುದು ಎಂಬ ಅನುಮಾನವನ್ನೂ ಸೇರಿಸಿದ್ದರು. ಅಷ್ಟು ದೂರದ್ದೆಂದು ಒಪ್ಪಿದರೆ ಅದು ಹೊರಸೂಸುವ ರೇಡಿಯೋ ಶಕ್ತಿ ನಂಬಲಾರದಷ್ಟಾಗುತ್ತಿತ್ತು. ನಂಬಲಾರದ್ದೇ ನಿಜವಾಯಿತು. ಸಾಮಾನ್ಯ ಗೆಲಾಕ್ಸಿಗಳಿಗಿಂತ ಬಹುಪಾಲು ಹೆಚ್ಚು ರೇಡಿಯೋ ಅಲೆಗಳನ್ನು ಸೂಸುವ ಇಂಥವನ್ನು ರೇಡಿಯೋ ಗೆಲಾಕ್ಸಿ ಎನ್ನುತ್ತಾರೆ.

ಕರ್ಟಿಸ್ ಕಂಡ ಗೆರೆ ನಿಜಕ್ಕೂ ಒಂದು ಚಿಲುಮೆ. ಕಪ್ಪು ಕುಳಿಯ ಸುತ್ತ ಸುಳಿಯುತ್ತ ಒಳಬೀಳುವ ವಸ್ತುವಿನಲ್ಲಿ ಒಂದು ಪಾಲು ಕುಳಿಗೆ ಸೇರುವುದಿಲ್ಲ. ಕಾಂತಕ್ಷೇತ್ರದ ಬಲದಿಂದ ಅದು ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಹೊರಕ್ಕೆ ಚಿಮ್ಮುತ್ತದೆ. ಬೆಳಕಿನಲ್ಲಿ ಕಾಣುವ ಚಿಲುಮೆಯ ಉದ್ದವೇ ಸುಮಾರು 5000 ಜ್ಯೋತಿರ್ವರ್ಷ. ಅದರಲ್ಲಿ ಎಲೆಕ್ಟ್ರಾನುಗಳು ಕಾಂತರೇಖೆಗಳ ಸುತ್ತ ಸುರುಳಿ ಸುತ್ತುತ್ತ ರೇಡಿಯೋ ಅಲೆಗಳನ್ನೂ ಬೆಳಕನ್ನೂ ಕ್ಷ-ಕಿರಣವನ್ನೂ ಸೂಸುತ್ತವೆ. ಗಾಮಾ ಕಿರಣಕ್ಕೆ ಇನ್ನೊಂದು ದಾರಿಯಿದೆ. ನಿಧಾನವಾಗಿ ಬಂದ ಚೆಂಡು ಬ್ಯಾಟಿನ ಹೊಡೆತಕ್ಕೆ ಸಿಕ್ಸರ್ ಆಗುವ ಹಾಗೆ, ಸಾಧಾರಣ ಬೆಳಕಿನ ಫೋಟಾನೊಂದು ಮಹಾವೇಗದ ಎಲೆಕ್ಟ್ರಾನಿಗೆ ಢಿಕ್ಕಿ ಹೊಡೆದು ಅದರ ಶಕ್ತಿ ಪಡೆದು ಗಾಮಾ ಫೋಟಾನಾಗುತ್ತದೆ. ಪ್ರೋಟಾನುಗಳ ಕೈವಾಡವೂ ಇರಬಹುದೆಂದು ವಾದಿಸುವವರಿದ್ದಾರೆ. ಆ ಜಗಳ ಇನ್ನೂ ಮುಗಿದಿಲ್ಲ.

ಈ ಗಾಮಾ ಕಿರಣಗಳ ಶಕ್ತಿ ಎಷ್ಟು ಗೊತ್ತೆ? ನಮ್ಮ ಕಣ್ಣಿಗೆ ಬೀಳುವ ಬೆಳಕಿನ ಒಂದು ಫೋಟಾನಿಗೆ ಎರಡು ಎಲೆಕ್ಟ್ರಾನ್ ವೋಲ್ಟು ಎನ್ನಿ. ಎಂ-87ರಿಂದ ಬರುವ ಗಾಮಾ ಫೋಟಾನುಗಳಲ್ಲಿ ಒಂದು ಲಕ್ಷ ಕೋಟಿ ಎಲೆಕ್ಟ್ರಾನ್ ವೋಲ್ಟನ್ನು ಮೀರಿದವೂ ಇವೆ. ಅವು ನೆಲ ಮುಟ್ಟುವುದಿಲ್ಲ, ಅದು ನಮ್ಮ ಪುಣ್ಯ. ಹತ್ತಾರು ಕಿಲೋಮೀಟರ್ ಎತ್ತರದಲ್ಲೇ ಗಾಳಿಯ ಪರಮಾಣುವಿಗೆ ಬಡಿದು ಕಣಗಳ ಒಂದು ಮಳೆಯಾಗಿ ಒಡೆಯುತ್ತವೆ. ಗಾಳಿಯಲ್ಲಿ ಬೆಳಕು ಸಾಗುವುದಕ್ಕಿಂತ ವೇಗವಾಗಿ ಆ ಕಣಗಳು ಧಾವಿಸುವುದರಿಂದ ನೀಲಿಯ ಒಂದು ಮಿಂಚು ಹುಟ್ಟುತ್ತದೆ. ಇದು ಚೆರೆಂಕೋವ್ ಬೆಳಕು. ಒಂದು ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಅಂಥ ಕೆಲವೇ ಪಾಲುಗಳಷ್ಟು ಹೊತ್ತು ಇರುತ್ತದೆ. ದೊಡ್ಡ ಕನ್ನಡಿಗಳಿಂದ ಈ ಮಿಂಚನ್ನು ಹಿಡಿದು, ಅದು ಬಂದ ದಿಕ್ಕನ್ನು ಗುಣಿಸುವುದೇ ಗಾಮಾ ದೂರದರ್ಶಕಗಳ ಕೆಲಸ. ನಮೀಬಿಯಾದಲ್ಲಿ ಹೆಸ್, ಕ್ಯಾನರಿ ದ್ವೀಪದಲ್ಲಿ ಮ್ಯಾಜಿಕ್, ಅಮೆರಿಕದ ಅರಿಜೋನಾದಲ್ಲಿ ವೆರಿಟಾಸ್ ಇಂಥ ಪ್ರಮುಖ ಕೇಂದ್ರಗಳು. ಎಂ-87ರಿಂದ ಇಂಥ ಕಿರಣ ಬರುವುದನ್ನು ಮೊದಲು ಕಂಡದ್ದು ಇವಕ್ಕೂ ಹಿಂದಿನ ಹೆಗ್ರಾ ಎಂಬ ಕೇಂದ್ರ, 1998-99ರ ವೀಕ್ಷಣೆಗಳಲ್ಲಿ.

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ಈ ದೂರದರ್ಶಕಗಳ ನೋಟ ಬಹಳ ಮಸುಕು. ಒಂದು ಡಿಗ್ರಿಯ ಹತ್ತನೆಯ ಒಂದು ಭಾಗಕ್ಕಿಂತ ಸೂಕ್ಷ್ಮವಾಗಿ ಅವು ಬೇರೆ ಬೇರೆ ಚುಕ್ಕೆಗಳನ್ನು ಬಿಡಿಸಿ ತೋರಿಸಲಾರವು. ಐದೂವರೆ ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಅದು ಎಷ್ಟಾಯಿತು? ಲೆಕ್ಕ ಹಾಕಿ ನೋಡಿ, ಸುಮಾರು 96 ಸಾವಿರ ಜ್ಯೋತಿರ್ವರ್ಷ. ಅಂದರೆ ಕುಳಿ, ಚಿಲುಮೆ, ಗೆಲಾಕ್ಸಿಯ ಮುಖ್ಯಭಾಗ ಎಲ್ಲ ಸೇರಿ ಅವಕ್ಕೆ ಒಂದೇ ಚುಕ್ಕೆ. ಗಾಮಾ ಕಿರಣ ಎಂ-87ರಿಂದ ಬಂತು ಎನ್ನಬಹುದು. ಅದರ ಯಾವ ಮೂಲೆಯಿಂದ ಎನ್ನಲಾಗದು.

ನಮ್ಮ ಕಸುಬಿನವರಿಗೆ ಇದು ಪರಿಚಿತ ಸಂಕಟ. ಬೋರ್ಡಿನ ಕಡೆ ಮುಖ ಮಾಡಿ ಬರೆಯುತ್ತಿರುತ್ತೇವೆ, ಹಿಂದಿನಿಂದ ಯಾರೋ ಶಿಳ್ಳೆ ಹೊಡೆಯುತ್ತಾರೆ. ಕಿವಿಗೆ ತಿಳಿಯುವುದು ಹೊಡೆದ ಹೊತ್ತು ಮಾತ್ರ. ಯಾವ ಬೆಂಚು ಎಂಬುದು ತಿಳಿಯದು. ತಟ್ಟನೆ ತಿರುಗಿದಾಗ ಐವತ್ತು ಮುಖಗಳಲ್ಲಿ ಒಂದು ಕೆಂಪಾಗಿದ್ದರೆ, ಅವನೇ ಎಂದುಕೊಳ್ಳುತ್ತೇವೆ. ಕಿವಿ ಹೊತ್ತನ್ನು ಹೇಳಿತು, ಕಣ್ಣು ಜಾಗವನ್ನು ಹೇಳಿತು. ಖಗೋಳ ವಿಜ್ಞಾನಿಗಳು ಮಾಡುವುದೂ ಇದನ್ನೇ. ಗಾಮಾ ದೂರದರ್ಶಕ ಅವರ ಕಿವಿ. ಕ್ಷ-ಕಿರಣದ ಉಪಗ್ರಹ, ಹಬಲ್, ಖಂಡಾಂತರದ ರೇಡಿಯೋ ಜಾಲ ಅವರ ಕಣ್ಣು. ಗಾಮಾ ಕಿರಣ ಇದ್ದಕ್ಕಿದ್ದಂತೆ ಹೆಚ್ಚಾದ ದಿನವೇ ಬೇರೆ ತರಂಗದೂರಗಳಲ್ಲಿ ಗೆಲಾಕ್ಸಿಯ ಯಾವ ಭಾಗ ಬೆಳಗಿತು ಎಂದು ನೋಡುವುದು.

ಕಿವಿಯೊಂದರಿಂದಲೇ ತಿಳಿಯುವ ಇನ್ನೊಂದು ಸಂಗತಿಯೂ ಇದೆ, ಮೂಲದ ಗಾತ್ರ. ಇದನ್ನು ಶಾಲೆಯ ಬಯಲಿನಲ್ಲೇ ಯೋಚಿಸಬಹುದು. 340 ಮೀಟರ್ ಉದ್ದದ ಒಂದು ಸಾಲಿನಲ್ಲಿ ಹುಡುಗರು ನಿಂತಿದ್ದಾರೆ, ನೀವು ಸಾಲಿನ ಒಂದು ತುದಿಯಲ್ಲಿದ್ದೀರಿ. ಎಲ್ಲರೂ ಒಂದೇ ಕ್ಷಣದಲ್ಲಿ ಚಪ್ಪಾಳೆ ತಟ್ಟಿದರೂ ಹತ್ತಿರದವನದು ಒಡನೆ ಕೇಳುತ್ತದೆ, ಕೊನೆಯವನದು ಒಂದು ಸೆಕೆಂಡ್ ತಡವಾಗಿ ಕೇಳುತ್ತದೆ. ಚಪ್ಪಾಳೆ ಒಂದು ಸೆಕೆಂಡಿನಷ್ಟು ಎಳೆದುಕೊಳ್ಳುತ್ತದೆ. ಬದಲಿಗೆ ಅದು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಮುಗಿದಿದ್ದರೆ? ಸಾಲು 34 ಮೀಟರಿಗಿಂತ ಉದ್ದವಿರಲಾರದು. ಶಬ್ದದ ಜಾಗದಲ್ಲಿ ಬೆಳಕನ್ನಿಡಿ. 2005ರಲ್ಲಿ ಹೆಸ್ ತಂಡದವರು ಎಂ-87ರ ಗಾಮಾ ಕಿರಣ ಸುಮಾರು ಎರಡೇ ದಿನಗಳಲ್ಲಿ ಏರಿಳಿಯುವುದನ್ನು ಕಂಡರು. ಎರಡು ದಿನದಲ್ಲಿ ಬೆಳಕು ಹೋಗುವುದು ಸುಮಾರು 5200 ಕೋಟಿ ಕಿಲೋಮೀಟರ್. ಕಪ್ಪು ಕುಳಿಯ ಅಡ್ಡಳತೆಯೇ ಸುಮಾರು 3800 ಕೋಟಿ ಕಿಲೋಮೀಟರ್! ಮೂಲವು ನಮ್ಮ ಕಡೆಗೆ ಧಾವಿಸುತ್ತಿದ್ದರೆ ಲೆಕ್ಕ ಕೆಲವು ಪಟ್ಟು ಹಿಗ್ಗುತ್ತದೆ, ನಿಜ. ಆದರೂ ಲಕ್ಷ ಜ್ಯೋತಿರ್ವರ್ಷ ಮೀರಿ ಹರಡಿದ ಗೆಲಾಕ್ಸಿಯಲ್ಲಿ ಅದೊಂದು ಸಾಸಿವೆ ಕಾಳು.

ಹಾಗಾದರೆ ಕುಳಿಯ ಪಕ್ಕದಿಂದಲೇ ಬಂತೆನ್ನೋಣವೆ? ತಾಳಿ. ಅದೇ 2005ರಲ್ಲಿ ಚಂದ್ರ ಎಂಬ ಕ್ಷ-ಕಿರಣ ದೂರದರ್ಶಕ ಇನ್ನೊಬ್ಬ ಆರೋಪಿಯನ್ನು ಹಿಡಿದಿತ್ತು. (ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರಿನ ದೂರದರ್ಶಕವಿದು.) ಚಿಲುಮೆಯ ಬುಡದಿಂದ 200 ಜ್ಯೋತಿರ್ವರ್ಷಕ್ಕೂ ಆಚೆ ಎಚ್‌ಎಸ್‌ಟಿ-1 ಎಂಬ ಒಂದು ಗಂಟು ಇದೆ. ಅದರ ಕ್ಷ-ಕಿರಣ 2000ದಿಂದ 2005ರ ಒಳಗೆ ಸುಮಾರು ಐವತ್ತು ಪಟ್ಟು ಏರಿ, ಗಾಮಾ ಏರಿದ ವರ್ಷವೇ ತುದಿ ಮುಟ್ಟಿತ್ತು. ಗಂಟಿನೊಳಗಿನ ಒಂದು ಪುಟ್ಟ ಭಾಗ ಗಾಮಾ ಕಿರಣ ಸೂಸಿದ್ದರೆ ಗಾತ್ರದ ಲೆಕ್ಕಕ್ಕೂ ಧಕ್ಕೆಯಿಲ್ಲ. ಮುಖ ಕೆಂಪಾದ ಹುಡುಗರು ಈಗ ಇಬ್ಬರಾದರು.

2008ರಲ್ಲಿ ಹೆಸ್, ಮ್ಯಾಜಿಕ್, ವೆರಿಟಾಸ್ ಮೂರೂ ಪೈಪೋಟಿ ಬಿಟ್ಟು ಪಾಳಿ ಹಂಚಿಕೊಂಡವು. 120 ಗಂಟೆಗೂ ಹೆಚ್ಚು ನೋಟ. ಫೆಬ್ರವರಿಯಲ್ಲಿ ಗಾಮಾ ಕಿರಣ ಜಿಗಿಯಿತು. ಎಚ್‌ಎಸ್‌ಟಿ-1 ತೆಪ್ಪಗಿತ್ತು. ನಡುಬಿಂದುವಿನ ಕ್ಷ-ಕಿರಣ ಏರಿತ್ತು. ಅಮೆರಿಕದ ಉದ್ದಗಲಕ್ಕೆ ಹರಡಿದ ರೇಡಿಯೋ ಜಾಲ ನೋಡಿದರೆ, ನಡುಬಿಂದುವಿನ ರೇಡಿಯೋ ಪ್ರಕಾಶ ಅದೇ ಸಮಯಕ್ಕೆ ಏರತೊಡಗಿ ಎರಡು ತಿಂಗಳು ಏರುತ್ತಲೇ ಹೋಯಿತು. ಈ ನಿಧಾನಕ್ಕೆ ಅರ್ಥವಿದೆ. ಬುಡದಲ್ಲಿ ವಸ್ತು ದಟ್ಟವಾಗಿದ್ದು ರೇಡಿಯೋ ಅಲೆಗಳು ಅಲ್ಲೇ ಹೀರಿಹೋಗುತ್ತವೆ. ಗುಳ್ಳೆ ಹಿಗ್ಗಿ ತೆಳುವಾದಂತೆ ಹೊರಬರುತ್ತವೆ. ಗಾಮಾಕ್ಕೆ ಆ ತಡೆಯಿಲ್ಲ. 2009ರಲ್ಲಿ ಈ ವರದಿ ಪ್ರಕಟವಾಯಿತು. ಅದನ್ನೋದಿ, ಮೂಲ ಸಿಕ್ಕಿತು, ಕುಳಿಯ ಪಕ್ಕದ್ದೇ ಎಂದು ನಾನು ಶಾಲೆಯಲ್ಲಿ ಹೇಳಲು ಶುರುಮಾಡಿದ್ದು ಆಗ. ಹತ್ತು ವರ್ಷ ಹಾಗೇ ಹೇಳಿದೆ.

ನಾನು ಓದದೆ ಬಿಟ್ಟದ್ದು ಮುಂದಿನ ಅಧ್ಯಾಯ. 2010ರ ಏಪ್ರಿಲಿನಲ್ಲಿ ಅಲ್ಲಿಯವರೆಗಿನ ಎಲ್ಲಕ್ಕಿಂತ ದೊಡ್ಡ ಗಾಮಾ ಜಿಗಿತ ಕಾಣಿಸಿತು. ಏರಲು ಎರಡು ದಿನಕ್ಕೂ ಕಡಿಮೆ, ಇಳಿಯಲು ಇನ್ನೂ ಕಡಿಮೆ. ಕೂಡಲೇ ಚಂದ್ರ ದೂರದರ್ಶಕವನ್ನು ಅತ್ತ ತಿರುಗಿಸಿದರು. ನಡುಬಿಂದುವಿನ ಕ್ಷ-ಕಿರಣ ಏರಿತ್ತು, ಸರಿ. ರೇಡಿಯೋ ಜಾಲವನ್ನು ಕೇಳಿದರೆ ಏನೂ ಇಲ್ಲ! ಎರಡು ವರ್ಷದ ಹಿಂದೆ ಅಷ್ಟು ಸ್ಪಷ್ಟವಾಗಿ ಸಾಕ್ಷಿ ಹೇಳಿದ ರೇಡಿಯೋ ಈ ಸಲ ಬಾಯಿಯನ್ನೇ ಬಿಡಲಿಲ್ಲ. 2005, 2008, 2010, ಮೂರು ಸಲದ ಸಾಕ್ಷ್ಯವೂ ಬೇರೆ ಬೇರೆ.

2017ರ ಏಪ್ರಿಲಿನಲ್ಲಿ ಆ ಪ್ರಸಿದ್ಧ ಬಳೆಯ ಚಿತ್ರ ತೆಗೆಯುವಾಗ ನೆಲದ ಮೇಲೂ ಬಾಹ್ಯಾಕಾಶದಲ್ಲೂ ಒಟ್ಟು 19 ವೀಕ್ಷಣಾಲಯಗಳು ಎಂ-87ರ ಮೇಲೆ ಒಟ್ಟಿಗೆ ಕಣ್ಣಿಟ್ಟಿದ್ದವು. 2021ರಲ್ಲಿ ಬಂದ ಆ ವರದಿಗೆ 760 ವಿಜ್ಞಾನಿಗಳ ಕೈ ಸೇರಿತ್ತು, 32 ದೇಶಗಳವರು. ಆ ದಿನಗಳಲ್ಲಿ ಗಾಮಾ ಶಾಂತವಾಗಿತ್ತು. ಆದರೂ ಒಂದು ವಿಷಯ ಖಚಿತವಾಯಿತು. ಬಳೆಯ ರೇಡಿಯೋ ಬೆಳಕನ್ನು ಸೂಸುವ ಎಲೆಕ್ಟ್ರಾನುಗಳೇ ಅದೇ ಜಾಗದಲ್ಲಿ ಆ ಬ್ಯಾಟಿನ ಹೊಡೆತದ ದಾರಿಯಿಂದ ಗಾಮಾವನ್ನೂ ಹುಟ್ಟಿಸುತ್ತವೆ ಎಂಬ ಸರಳ ವಿವರಣೆ ನಿಲ್ಲದು. ಅಂದರೆ 2019ರಲ್ಲಿ ನಾನು ಆ ಚಿತ್ರ ಹಿಡಿದು "ಇದರ ಪಕ್ಕದಿಂದಲೇ" ಎಂದು ಬೆರಳು ತೋರಿಸಿದ್ದಕ್ಕೆ ಆಧಾರವೇ ಇರಲಿಲ್ಲ.

ಮರುವರ್ಷ, 2018ರ ಏಪ್ರಿಲಿನಲ್ಲಿ, ಅದೃಷ್ಟ ಒಲಿಯಿತು. ಬಳೆಯ ಚಿತ್ರ ತೆಗೆಯುವ ಆಸುಪಾಸಿನಲ್ಲೇ ಸುಮಾರು ಮೂರು ದಿನದ ಗಾಮಾ ಜಿಗಿತ ಬಂತು. 2010ರ ನಂತರ ಇಂಥದು ಕಂಡದ್ದು ಅದೇ ಮೊದಲು. ಹಿಂದಿನ ವರ್ಷಕ್ಕೆ ಹೋಲಿಸಿದರೆ ಬಳೆಯ ಮೇಲಿನ ಅತಿ ಪ್ರಕಾಶದ ಜಾಗ ಸುಮಾರು 30 ಡಿಗ್ರಿ ಸರಿದಿತ್ತು. 2024ರ ಡಿಸೆಂಬರಿನಲ್ಲಿ ವರದಿ ಬಂದಾಗ ನಾನು ಮೊದಲು ಹುಡುಕಿದ್ದು ಒಂದೇ ವಾಕ್ಯಕ್ಕೆ: ಜಾಗ ಯಾವುದು? ಬೆಳಕು ಮೂರು ದಿನದಲ್ಲಿ ಸಾಗುವಷ್ಟರೊಳಗಿನ ಪುಟ್ಟ ಪ್ರದೇಶ ಎಂದಿದ್ದರು. ಕುಳಿಗೆ ಅಂಟಿಕೊಂಡೋ, ಚಿಲುಮೆಯಲ್ಲಿ ಸ್ವಲ್ಪ ಮೇಲೋ, ತೀರ್ಮಾನ ಇರಲಿಲ್ಲ.

ಆರು ವರ್ಷ ಯಾಕೆ ಬೇಕಾಯಿತು ಎಂದು ತಂದೆತಾಯಂದಿರು ಕೇಳಬಹುದು. ಇಷ್ಟೊಂದು ಬಗೆಯ ಉಪಕರಣಗಳ ಅಳತೆಗಳನ್ನು ಒಂದೇ ತಕ್ಕಡಿಗೆ ತರುವುದು ಹುಡುಗಾಟವಲ್ಲ. ವೀಕ್ಷಣೆಯ ತೊಡಕುಗಳು ಬೇರೆ. ಹುಣ್ಣಿಮೆಯ ಆಸುಪಾಸಿನಲ್ಲಿ ಚೆರೆಂಕೋವ್ ದೂರದರ್ಶಕಗಳು ಸಾಮಾನ್ಯವಾಗಿ ಕಣ್ಣು ಮುಚ್ಚಿಕೊಳ್ಳಬೇಕು. ಸೆಪ್ಟೆಂಬರ್ ಕೊನೆಗೆ ಸೂರ್ಯನೇ ಎಂ-87ರ ದಿಕ್ಕಿಗೆ ಬಂದು ನಿಲ್ಲುತ್ತಾನೆ. ಕ್ಯಾನರಿಯಲ್ಲಿ ಕತ್ತಲಿರುವಾಗ ಅಲ್ಲಿ ಮೋಡ, ಅರಿಜೋನಾದಲ್ಲಿ ಇನ್ನೂ ಹಗಲು. ಎರಡು ದಿನದ ಜಿಗಿತವನ್ನು ತಪ್ಪಿಸಿಕೊಳ್ಳಲು ಇಷ್ಟು ಸಾಕು.

ನಮೀಬಿಯಾ, ಕ್ಯನರಿಗಳಿಗೂ ಅರಿಜೋನಾಕ್ಕೂ ನಡುವೆ ಭೂಮಿಯ ನಮ್ಮ ಕಡೆಯ ಮಗ್ಗುಲಿನಲ್ಲಿ ಒಂದು ದೊಡ್ಡ ತೆರವಿದೆ. ಆ ತೆರವಿನಲ್ಲಿ ಲಡಾಖಿನ ಹಾನ್ಲೆ ಬರುತ್ತದೆ. ಸಮುದ್ರಮಟ್ಟದಿಂದ ಸುಮಾರು 4300 ಮೀಟರ್ ಎತ್ತರ. ಅಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಎರಡು ಮೀಟರ್ ಕನ್ನಡಿಯ ದೂರದರ್ಶಕವಿದೆ. ಅದನ್ನು ನಡೆಸುವುದು ನಮ್ಮ ಹೊಸಕೋಟೆಯಲ್ಲಿ ಕುಳಿತು, ಉಪಗ್ರಹದ ಸಂಪರ್ಕದಿಂದ. ಅದೇ ಹಾನ್ಲೆಯಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು ನಿಲ್ಲಿಸಿದ 21 ಮೀಟರ್ ಅಡ್ಡಳತೆಯ ಮೇಸ್ ಎಂಬ ಗಾಮಾ ದೂರದರ್ಶಕ 2024ರ ಅಕ್ಟೋಬರಿನಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಯಾಯಿತು. ಅದಕ್ಕೂ ಮೊದಲೇ, 2022ರ ಡಿಸೆಂಬರ್ ಮತ್ತು 2023ರ ಜನವರಿಯಲ್ಲಿ, ಅದು ಎನ್‌ಜಿಸಿ 1275 ಎಂಬ ಇನ್ನೊಂದು ರೇಡಿಯೋ ಗೆಲಾಕ್ಸಿಯ ಗಾಮಾ ಜಿಗಿತಗಳನ್ನು ಹಿಡಿದಿತ್ತು. ಅದರ ದೂರ ಸುಮಾರು 24 ಕೋಟಿ ಜ್ಯೋತಿರ್ವರ್ಷ. ಎಂ-87 ಮತ್ತೆ ಜಿಗಿಯುವ ರಾತ್ರಿ ಮಿಕ್ಕವರಿಗೆ ಹಗಲಾಗಿದ್ದರೆ ನೋಡಬೇಕಾದವರು ಹಾನ್ಲೆಯವರೇ.

ಮೂರನೆಯ ಬೆಂಚಿನ ಆ ಹುಡುಗಿ ಈಗ ಕಾಲೇಜು ಮುಟ್ಟಿದ್ದಾಳೆ. ಹೋದ ವರ್ಷ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ "ಆ ನಾಳೆ ಇನ್ನೂ ಬಂದಿಲ್ಲ ಸಾರ್" ಎಂದು ನಕ್ಕಳು. ಗಾಮಾ ಎಲ್ಲಿಂದ ಎನ್ನುವುದು ಇನ್ನೂ ಇತ್ಯರ್ಥವಾಗಿಲ್ಲ, ನಾನು ಹತ್ತು ವರ್ಷ ಹೇಳಿದ್ದು ಅವಸರದ ಮಾತು ಎಂದು ಅಲ್ಲೇ ನಿಂತು ಹೇಳಿದೆ. ಬಸ್ಸು ಬಂತು, ಹತ್ತಿ ಹೋದಳು.

ಎಂ-87ನ್ನು ನೋಡಬೇಕೆನ್ನುವವರಿಗೆ: ಮಳೆ ನಕ್ಷತ್ರಗಳ ಲೆಕ್ಕದಲ್ಲಿ ನಾವು ಉತ್ತರೆ ಎನ್ನುವುದು ಸಿಂಹ ರಾಶಿಯ ಬಾಲದ ತುದಿಯ ನಕ್ಷತ್ರ. ಅದಕ್ಕೂ ಕನ್ಯಾ ರಾಶಿಯ ವಿಂಡೆಮಿಯಾಟ್ರಿಕ್ಸ್ ನಕ್ಷತ್ರಕ್ಕೂ ಮನಸ್ಸಿನಲ್ಲೇ ಒಂದು ಗೆರೆ ಎಳೆದು, ಹೆಚ್ಚುಕಡಿಮೆ ಅದರ ನಡುವಿಗೆ ನಾಲ್ಕು ಅಂಗುಲದ ದೂರದರ್ಶಕವನ್ನು ತಿರುಗಿಸಿ. ಊರಿನ ದೀಪಗಳಿಂದ ದೂರ ಹೋಗುವುದು ಒಳ್ಳೆಯದು. ಆ ಜಾಗದಲ್ಲಿ ಇಂಥ ಮಸುಕು ಚುಕ್ಕೆಗಳು ಹಲವು ಇವೆ, ನಕ್ಷೆ ಕೈಯಲ್ಲಿರಲಿ. ಚಿಲುಮೆ ಕಾಣುವುದಿಲ್ಲ. ದುಂಡಗಿನ, ನಡುವೆ ಸ್ವಲ್ಪ ಬೆಳ್ಳಗಿನ, ಕನ್ನಡಿಯ ಮೇಲೆ ಉಸಿರು ಬಿಟ್ಟಂಥ ಒಂದು ಕಲೆ ಕಂಡರೆ ಅದೇ.